ಕಲ್ಲಿದ್ದಲು ಗಣಿಯ ಆಸುಪಾಸಿನ ಬಾವಿ ಮತ್ತು ಹಳ್ಳದ ನೀರು: ನಿಗಾ ಇಡಲು ಯಾವ ವಿಧಾನ ಆಯ್ದುಕೊಳ್ಳಬೇಕು?

ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ, ವರ್ಧಾ ಕಣಿವೆಯ ಕಲ್ಲಿದ್ದಲು ಪ್ರದೇಶದಲ್ಲಿ, ತೆರೆದ ಗಣಿಯೊಂದರಿಂದ ಪಂಪು ಹೊರಹಾಕುವ ನೀರನ್ನು ಮೊದಲ ಸಲ ನೋಡಿದವರಿಗೆ ಅದರಲ್ಲಿ ಕೊಳಕೇನೂ ಕಾಣುವುದಿಲ್ಲ. ತೊಟ್ಟಿಯಲ್ಲಿ ಮಣ್ಣು ಕೆಳಗಿಳಿದ ಮೇಲೆ ಆ ನೀರು ತಿಳಿಯಾಗಿರುತ್ತದೆ, ವಾಸನೆ ಇರುವುದಿಲ್ಲ, ದನಗಳು ಕುಡಿಯುತ್ತವೆ. ಊರಿನವರು ಮಾತ್ರ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಬಾವಿಯ ನೀರು ಮೊದಲಿನಂತಿಲ್ಲ ಎನ್ನುತ್ತಾರೆ. ಕಣ್ಣಿಗೆ ಕಾಣುವುದಕ್ಕೂ ಅಡುಗೆಮನೆಯ ಅನುಭವಕ್ಕೂ ನಡುವಿನ ಈ ಅಂತರವನ್ನು ಅಂಕಿಗಳಿಂದ ತುಂಬಿಸಬೇಕಾದಾಗ ಯಾವ ವಿಧಾನಕ್ಕೆ ಹಣ ಹಾಕಬೇಕು, ಯಾವುದನ್ನು ಮುಂದೂಡಬಹುದು ಎಂಬುದನ್ನು ಈ ಬರಹ ಹೋಲಿಸಿ ನೋಡುತ್ತದೆ. ಗ್ರಾಮ ಪಂಚಾಯಿತಿ, ಸಣ್ಣ ಸ್ವಯಂಸೇವಾ ಸಂಸ್ಥೆ, ಕಾಲೇಜಿನ ಭೂವಿಜ್ಞಾನ ವಿಭಾಗ ಅಥವಾ ಗಣಿಯ ಪರಿಸರ ವಿಭಾಗದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರ್ ಇದನ್ನು ಬಳಸಬಹುದೆಂದು ಭಾವಿಸಿ ಬರೆದಿದ್ದೇನೆ.

ಕನ್ನಡದಲ್ಲಿ ಇದನ್ನು ಬರೆಯುವುದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ, ಆದರೆ ರಾಯಚೂರು ಮತ್ತು ಬಳ್ಳಾರಿಯ ಶಾಖೋತ್ಪನ್ನ ಘಟಕಗಳು ಉರಿಯುವುದು ಹೊರರಾಜ್ಯಗಳ ಕಲ್ಲಿದ್ದಲಿನಿಂದ. ಚಂದ್ರಪುರ ಜಿಲ್ಲೆಯ ಭದ್ರಾವತಿ ತಾಲೂಕಿನಲ್ಲಿ (ನಮ್ಮ ಶಿವಮೊಗ್ಗ ಜಿಲ್ಲೆಯ ಊರಿಗೂ ಇದಕ್ಕೂ ಹೆಸರಷ್ಟೇ ಸಮಾನ) ಇರುವ ಬಾರಂಜ್ ಗಣಿ ಕರ್ನಾಟಕ ವಿದ್ಯುತ್ ನಿಗಮಕ್ಕೆ ಹಂಚಿಕೆಯಾದದ್ದು. 2014ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ 204 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆಯನ್ನು ರದ್ದುಪಡಿಸಿದಾಗ ಇದೂ ಕೈತಪ್ಪಿತು, ಮರುವರ್ಷ ಮತ್ತೆ ನಿಗಮಕ್ಕೇ ಬಂತು. ನಮ್ಮ ಮನೆಯ ದೀಪಕ್ಕೂ ಆ ಕಣಿವೆಯ ಬಾವಿಗಳಿಗೂ ನೇರ ನಂಟಿರುವುದರಿಂದ ಅಲ್ಲಿನ ನೀರಿನ ಬಗ್ಗೆ ತಿಳಿದುಕೊಳ್ಳುವ ಹೊಣೆ ನಮಗೂ ಇದೆ ಎಂದು ನಾನು ನಂಬಿದ್ದೇನೆ.

ಮೊದಲು ಗಣಿ ನೀರಿಗೆ ಏನು ಮಾಡುತ್ತದೆ ಎಂಬುದು

ಕಲ್ಲಿದ್ದಲಿನ ಜೊತೆಗೂ ಅದರ ಮೇಲಿನ ಶೇಲ್ (ಜೇಡಿ ಗಟ್ಟಿಯಾದ ಪದರಗಲ್ಲು) ಪದರಗಳಲ್ಲೂ ಪೈರೈಟ್ ಎಂಬ ಕಬ್ಬಿಣ ಮತ್ತು ಗಂಧಕದ ಖನಿಜ ಇರುತ್ತದೆ. ನೆಲದೊಳಗೆ ಗಾಳಿ ತಾಗದೆ ಇರುವಷ್ಟು ಕಾಲ ಅದು ಸುಮ್ಮನಿರುತ್ತದೆ. ಅಗೆದು ಹೊರಗೆ ರಾಶಿ ಹಾಕಿದ ಮೇಲೆ ಗಾಳಿ ಮತ್ತು ಮಳೆನೀರು ಸೇರಿ ಗಂಧಕಾಮ್ಲವಾಗುತ್ತದೆ, ಕಬ್ಬಿಣ ಕರಗಿ ಹೊರಬರುತ್ತದೆ. ಸುತ್ತಲಿನ ಕಲ್ಲಿನಲ್ಲಿ ಸುಣ್ಣದ ಅಂಶ ಕಡಿಮೆಯಿದ್ದರೆ ಆ ಆಮ್ಲ ಹಾಗೆಯೇ ಹಳ್ಳ ಸೇರುತ್ತದೆ. ಮೇಘಾಲಯದ ಜೈಂತಿಯಾ ಬೆಟ್ಟಗಳಲ್ಲಿ ಆದದ್ದು ಇದು: ಗಂಧಕ ಹೆಚ್ಚಿರುವ ಕಲ್ಲಿದ್ದಲು, ಬಿಲಗಳಂಥ ಸಾವಿರಾರು ಗಣಿಗಳು, ಪಿಎಚ್ 3–4ಕ್ಕೆ ಇಳಿದ (7 ತಟಸ್ಥ, ಅದಕ್ಕಿಂತ ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಹೊಳೆಗಳು, ಮೀನಿಲ್ಲದ ನೀರು. ಅಲ್ಲಿನ ಲುಖಾ ನದಿ ಚಳಿಗಾಲದಲ್ಲಿ ನೀಲಿಗೆ ತಿರುಗುವುದು ದೇಶಕ್ಕೆಲ್ಲ ಸುದ್ದಿಯಾಯಿತು. 2014ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಂಥ ಗಣಿಗಾರಿಕೆಯನ್ನು ನಿಷೇಧಿಸಿತು.

ವರ್ಧಾ ಕಣಿವೆಯ ಗೊಂಡ್ವಾನಾ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಸಾಮಾನ್ಯವಾಗಿ ಶೇ 1ರ ಆಸುಪಾಸು. ಇಲ್ಲಿ ಬಹಳ ಕಡೆ ಹುಟ್ಟಿದ ಆಮ್ಲವನ್ನು ಕಲ್ಲು ಮತ್ತು ಮಣ್ಣಿನ ಸುಣ್ಣದ ಅಂಶ ಅಲ್ಲಲ್ಲೇ ತಟಸ್ಥಗೊಳಿಸುತ್ತದೆ. ಆಗ ಪಿಎಚ್ 7ರ ಬಳಿಯೇ ನಿಲ್ಲುತ್ತದೆ, ಆದರೆ ಸಲ್ಫೇಟ್, ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ನೀರಿನಲ್ಲೇ ಉಳಿಯುತ್ತವೆ. ಬೇಳೆ ಬೇಯದ ನೀರು ಹುಟ್ಟುವುದು ಹೀಗೆ. ಆದ್ದರಿಂದ ಪಿಎಚ್ ಸರಿಯಿದೆ ಎಂಬ ಒಂದೇ ಸಾಲಿನ ವರದಿಯನ್ನು ಹಿಡಿದು ನೀರು ಕೆಟ್ಟಿಲ್ಲ ಎನ್ನುವುದು ಜೈಂತಿಯಾದಲ್ಲಿ ಸರಿಯಾದ ವಾದವಾಗಬಹುದಿತ್ತು, ಚಂದ್ರಪುರದಲ್ಲಿ ಅಲ್ಲ. ಮುಂದಿನ ಎಲ್ಲ ಹೋಲಿಕೆಗಳೂ ಈ ಒಂದು ವಿಷಯದ ಮೇಲೆ ನಿಂತಿವೆ.

ಯಾವುದನ್ನು ಅಳೆಯುವುದು: ಅಗ್ಗದ ಸೂಚಕಗಳೋ, ಭಾರಲೋಹಗಳೋ

ಊರಿನವರು ಹಣ ಕೂಡಿಸಿ ಪರೀಕ್ಷೆ ಮಾಡಿಸಲು ಹೊರಟಾಗ ಸಾಮಾನ್ಯವಾಗಿ ಮೊದಲು ಕೇಳುವುದು ಸೀಸ, ಆರ್ಸೆನಿಕ್, ಪಾದರಸ, ಕ್ಯಾಡ್ಮಿಯಂಗಳನ್ನು. ಭಯ ಸಹಜ. ಆದರೆ ಒಂದು ಸಲ, ಒಂದು ಬಾವಿಯಿಂದ, ದುಬಾರಿ ಯಂತ್ರದಲ್ಲಿ ಮಾಡಿಸಿದ ಇಪ್ಪತ್ತು ಲೋಹಗಳ ಪರೀಕ್ಷೆ ಬಹುಪಾಲು 'ಪತ್ತೆಯಾಗಿಲ್ಲ' ಎಂದೇ ಬರುತ್ತದೆ, ಏಕೆಂದರೆ ತಟಸ್ಥ ನೀರಿನಲ್ಲಿ ಈ ಲೋಹಗಳಲ್ಲಿ ಹೆಚ್ಚಿನವು ಕರಗಿ ನಿಲ್ಲುವುದಿಲ್ಲ. ಆ ಕಾಗದ ಮುಂದೆ ಊರಿನವರ ವಿರುದ್ಧವೇ ಬಳಕೆಯಾಗುತ್ತದೆ.

ಅದೇ ಹಣದಲ್ಲಿ ವಿದ್ಯುತ್‌ವಾಹಕತೆಯ ಒಂದು ಕೈಮೀಟರ್ ಕೊಂಡು, ಹತ್ತು ಜಾಗಗಳಲ್ಲಿ ವರ್ಷವಿಡೀ ತಿಂಗಳಿಗೊಮ್ಮೆ ಅಳೆದು, ಜೊತೆಗೆ ಸಲ್ಫೇಟ್ ಮತ್ತು ಕ್ಷಾರತೆಯನ್ನು (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ) ಪರೀಕ್ಷಿಸಿದರೆ ಸಿಗುವ ಚಿತ್ರ ಬಹಳ ದೊಡ್ಡದು. ವಾಹಕತೆಯನ್ನು ಸುಮಾರು 0.65ರಿಂದ ಗುಣಿಸಿದರೆ ಕರಗಿದ ಒಟ್ಟು ಲವಣಗಳ ಅಂದಾಜು ಸಿಗುತ್ತದೆ. ನೀರಿನ ಉಷ್ಣತೆ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇ 2ರಷ್ಟು ಏರುವುದರಿಂದ, ಮೀಟರ್ 25 ಡಿಗ್ರಿಗೆ ಸರಿಹೊಂದಿಸಿ ತೋರಿಸುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಚಂದ್ರಪುರದ ಮೇ ತಿಂಗಳ ಬಿಸಿಲಿಗೂ ಜನವರಿಯ ಬೆಳಗಿಗೂ ಇರುವ ವ್ಯತ್ಯಾಸವನ್ನು ಮಾಲಿನ್ಯವೆಂದು ಬರೆದುಕೊಂಡವರನ್ನು ನಾನು ನೋಡಿದ್ದೇನೆ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ (2012) ಸಲ್ಫೇಟ್‌ಗೆ ಲೀಟರಿಗೆ 200 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, ಬೇರೆ ಮೂಲವಿಲ್ಲದಿದ್ದರೆ 400 ಗರಿಷ್ಠ. ಆದರೆ ಗಣಿಯ ಪ್ರಭಾವ ಹುಡುಕುವವರು ಮಿತಿ ಮೀರುವ ತನಕ ಕಾಯಬಾರದು. ಗಣಿಯ ಪ್ರಭಾವ ತಾಗದ ಮೇಲ್ಭಾಗದ ಬಾವಿಗಳಲ್ಲಿ 30 ಇದ್ದು, ಗಣಿಯಿಂದ ಅಗೆದು ರಾಶಿ ಹಾಕಿದ ಮಣ್ಣುಕಲ್ಲಿನ ದಿಬ್ಬದ ಕೆಳಗಿನ ಬಾವಿಯಲ್ಲಿ 70, ಆರು ತಿಂಗಳಿಗೆ 110, ಮರುವರ್ಷ 160 ಎಂದು ಏರುತ್ತಿದ್ದರೆ, ಯಾವ ಮಿತಿಯೂ ಮೀರಿಲ್ಲ, ಆದರೂ ಕಥೆ ಸ್ಪಷ್ಟವಾಗಿದೆ.

ಸಲ್ಫೇಟ್ ಒಂದನ್ನೇ ನಂಬಬೇಕೆಂದೂ ನಾನು ಹೇಳುವುದಿಲ್ಲ. ಊರಿನ ಚರಂಡಿಯಿಂದ ಕೆಟ್ಟ ಬಾವಿಯಲ್ಲಿ ಕ್ಲೋರೈಡ್ ಮತ್ತು ನೈಟ್ರೇಟ್ ಒಟ್ಟಿಗೆ ಏರುತ್ತವೆ. ಗಣಿಯ ಸಿಡಿಮದ್ದಿನ ಅಮೋನಿಯಂ ನೈಟ್ರೇಟ್‌ನಿಂದಲೂ ನೈಟ್ರೇಟ್ ಬರುತ್ತದೆ, ಹತ್ತಿ ಹೊಲದ ಯೂರಿಯಾದಿಂದಲೂ ಬರುತ್ತದೆ, ಹಾಗಾಗಿ ಬರೀ ನೈಟ್ರೇಟ್ ಹಿಡಿದು ಯಾರನ್ನೂ ದೂರುವಂತಿಲ್ಲ. ಹತ್ತಿರ ಹಾರುಬೂದಿಯ ಕೊಳವಿದ್ದರೆ (ಚಂದ್ರಪುರದಲ್ಲಿ 2,920 ಮೆಗಾವ್ಯಾಟ್‌ನ ಶಾಖೋತ್ಪನ್ನ ಕೇಂದ್ರವೇ ಇದೆ) ವರ್ಷಕ್ಕೊಮ್ಮೆ ಬೋರಾನ್ ಪರೀಕ್ಷಿಸುವುದು ಒಳ್ಳೆಯದು, ಅದು ಬೂದಿಯ ಗುರುತು. ಫ್ಲೋರೈಡ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಈ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹಲವೆಡೆ ಕಲ್ಲಿನಿಂದಲೇ ಬರುವಂಥದ್ದು, ಅದನ್ನು ಗಣಿಯ ತಲೆಗೆ ಕಟ್ಟಿದರೆ ಉಳಿದ ವಾದವೂ ಬಿದ್ದುಹೋಗುತ್ತದೆ. ಆದರೂ 1.5 ಮಿಲಿಗ್ರಾಂ ಮೀರಿದ ಬಾವಿಯ ನೀರನ್ನು ಮಕ್ಕಳಿಗೆ ಕೊಡಬಾರದೆಂಬುದು ಬೇರೆಯೇ, ಮತ್ತು ತುರ್ತಿನ, ಮಾತು.

ಭಾರಲೋಹಗಳನ್ನು ವರ್ಷಕ್ಕೊಮ್ಮೆ ಅಥವಾ ಎರಡು ಸಲ, ಸೂಚಕಗಳು ಕೆಟ್ಟಿವೆ ಎಂದು ಮೊದಲೇ ತೋರಿಸಿದ ಜಾಗಗಳಲ್ಲಿ ಮಾತ್ರ ಮಾಡಿಸಿದರೆ ಸಾಕು. ಆ ಪಟ್ಟಿಯಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಇರಲೇಬೇಕು. ತಟಸ್ಥ ನೀರಿನಲ್ಲೂ ಮ್ಯಾಂಗನೀಸ್ ದೂರದವರೆಗೆ ಸಾಗುತ್ತದೆ. ಗಂಧಕದ ಐಸೊಟೋಪ್ ಪರೀಕ್ಷೆಯ ಆಸೆ ತೋರಿಸುವವರಿರುತ್ತಾರೆ. ಸಲ್ಫೇಟ್ ಗಣಿಯದೋ ಗೊಬ್ಬರದ್ದೋ ಎಂಬ ವಿವಾದ ನ್ಯಾಯಾಲಯದ ಬಾಗಿಲಿಗೆ ಬಂದಾಗ ಅದರ ಮಾತು ಎತ್ತಬಹುದು.

ಇರುವ ಬಾವಿಗಳೋ, ಹೊಸದಾಗಿ ಕೊರೆದ ವೀಕ್ಷಣಾ ಬಾವಿಗಳೋ

ಇದು ಇಡೀ ಆಯ್ಕೆಯಲ್ಲಿ ಅತ್ಯಂತ ಮುಖ್ಯವಾದದ್ದು, ಹೆಚ್ಚು ತಪ್ಪುಗಳಾಗುವುದೂ ಇಲ್ಲೇ. ತೆರೆದ ಗಣಿ ಕೆಲಸ ಮಾಡುತ್ತಿರುವಷ್ಟು ಕಾಲ ಪಂಪು ನಿರಂತರ ನೀರೆತ್ತುತ್ತಿರುತ್ತದೆ, ಗುಂಡಿ ಸುತ್ತಲಿನ ಅಂತರ್ಜಲವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಆ ವರ್ಷಗಳಲ್ಲಿ ಗಣಿಯ ಪಕ್ಕದ ಬಾವಿಗೆ ಗುಂಡಿಯಿಂದ ಕೆಟ್ಟ ನೀರು ಬರುವುದಕ್ಕಿಂತ ಬಾವಿಯೇ ಬತ್ತುವ ಸಂಭವ ಹೆಚ್ಚು. ಮಾಲಿನ್ಯ ಬರುವುದು ಬೇರೆ ದಾರಿಗಳಿಂದ: ಮಣ್ಣುಕಲ್ಲಿನ ದಿಬ್ಬದ ಅಡಿಯಿಂದ ಜಿನುಗುವ ನೀರು, ತೊಟ್ಟಿಗಳ ಸೋರಿಕೆ, ಪಂಪಿನ ನೀರು ಹರಿಯುವ ಹಳ್ಳದ ತಳ. ಗಣಿ ಮುಚ್ಚಿ ಪಂಪು ನಿಂತ ಮೇಲೆ ನೀರು ಮತ್ತೆ ಏರುತ್ತದೆ, ಹಲವು ವರ್ಷ ಗಾಳಿಗೆ ಒಡ್ಡಿದ್ದ ಕಲ್ಲುಗಳ ಲವಣ ಅದರಲ್ಲಿ ಕರಗುತ್ತದೆ, ಆಗ ಹರಿವಿನ ದಿಕ್ಕೂ ಬದಲಾಗಬಹುದು. ಆದ್ದರಿಂದ ನೀರಿನ ಗುಣದಷ್ಟೇ ಮಟ್ಟವನ್ನೂ ಅಳೆಯಬೇಕು. ಬಾವಿಯ ಕಟ್ಟೆಯ ಮೇಲೆ ಬಣ್ಣದಿಂದ ಒಂದು ಗುರುತು ಹಾಕಿ, ಪ್ರತಿ ಸಲವೂ ಅದೇ ಗುರುತಿನಿಂದ ಟೇಪು ಇಳಿಸುವುದು, ಒಂದು ಸಲ ಆ ಗುರುತಿನ ಎತ್ತರವನ್ನು ಸರ್ವೆ ಮಾಡಿಸಿ ಸಮುದ್ರಮಟ್ಟಕ್ಕೆ ಹೊಂದಿಸುವುದು, ಇಷ್ಟಕ್ಕೆ ಹೆಚ್ಚು ಖರ್ಚಿಲ್ಲ. ನೀರು ಯಾವ ಕಡೆಗೆ ಹರಿಯುತ್ತಿದೆ ಎಂದು ಹೇಳಲು ಕನಿಷ್ಠ ಮೂರು ಬಾವಿಗಳ ಇಂಥ ಅಳತೆ ಬೇಕು.

ಊರಿನ ತೆರೆದ ಬಾವಿಗಳ ದೊಡ್ಡ ಗುಣವೆಂದರೆ ಅವು ಜನ ಕುಡಿಯುವ ನೀರನ್ನೇ ತೋರಿಸುತ್ತವೆ, ಬೀಗ ಹಾಕಿಲ್ಲ, ಮಾಲೀಕರ ಒಪ್ಪಿಗೆ ಒಂದೇ ಸಾಕು. ದೋಷವೆಂದರೆ ಮಳೆನೀರು, ದನದ ಕೊಟ್ಟಿಗೆಯ ನೀರು, ಹೊಲದ ನೀರು ಎಲ್ಲವೂ ಅಲ್ಲಿ ಬೆರೆಯುತ್ತವೆ. ಕೊಳವೆಬಾವಿಯಲ್ಲಿ ಇನ್ನೊಂದು ತೊಂದರೆ: ಉದ್ದಕ್ಕೂ ತೆರೆದಿರುವ ಕೊಳವೆ ಎರಡು ಮೂರು ಪದರಗಳ ನೀರನ್ನು ಬೆರೆಸಿ ಕೊಡುತ್ತದೆ, ಆಳದ ಮರಳುಗಲ್ಲಿನ ಒಳ್ಳೆಯ ನೀರು ಮೇಲಿನ ಪದರದ ಕೆಟ್ಟ ನೀರನ್ನು ಮುಚ್ಚಿಹಾಕಬಹುದು. ವೀಕ್ಷಣಾ ಬಾವಿಯಲ್ಲಿ ಒಂದೇ ಪದರಕ್ಕೆ ಎದುರಾಗಿ ಮೂರು ನಾಲ್ಕು ಮೀಟರ್‌ನಷ್ಟು ಮಾತ್ರ ಜಾಲರಿ ಕೊಳವೆ ಇರುತ್ತದೆ, ಮೇಲೆ ಬೆಂಟೊನೈಟ್ ಜೇಡಿಯಿಂದ ಮುಚ್ಚಿರುತ್ತಾರೆ, ಹಾಗಾಗಿ ಅದು ಯಾವ ಆಳದ ನೀರು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಆದರೆ ಅದನ್ನು ಕೊರೆಸುವ ಖರ್ಚು ಮತ್ತು ಜಾಗದ ಹಕ್ಕು ಪಂಚಾಯಿತಿಯ ಕೈಗೆ ಎಟುಕುವಂಥದ್ದಲ್ಲ.

ನನ್ನ ಅಭಿಪ್ರಾಯದಲ್ಲಿ ಊರಿನವರು ಹೊಸ ಬಾವಿ ಕೊರೆಸಲು ಹೋಗಬಾರದು. ಎಂಟು ಹತ್ತು ಇರುವ ಬಾವಿಗಳನ್ನು ಆರಿಸಿ, ಅವುಗಳಲ್ಲಿ ಎರಡು ಖಂಡಿತ ಗಣಿಯ ಪ್ರಭಾವದ ಆಚೆ, ಅದೇ ಬಗೆಯ ಕಲ್ಲಿನಲ್ಲಿ ಇರುವಂತೆ ನೋಡಿಕೊಳ್ಳಬೇಕು. ಕಪ್ಪು ಎರೆಮಣ್ಣಿನ ಕೆಳಗೆ ಬಸಾಲ್ಟ್ ಇರುವ ಬಾವಿಯನ್ನು ಮರಳುಗಲ್ಲಿನ ಬಾವಿಯೊಂದಿಗೆ ಹೋಲಿಸಿದರೆ ಅಂಕಿಗಳಿಗೆ ಅರ್ಥವಿರುವುದಿಲ್ಲ. ವೀಕ್ಷಣಾ ಬಾವಿಗಳನ್ನು ಕೊರೆಸಬೇಕಾದ್ದು ಗಣಿಯ ಆಡಳಿತ, ದಿಬ್ಬದ ಕೆಳಭಾಗದಲ್ಲಿ. ಪರಿಸರ ಅನುಮತಿಯ ಷರತ್ತುಗಳಲ್ಲಿ ಅದನ್ನು ಕೇಳುವುದು ಊರಿನವರ ಕೆಲಸ.

ಮಾದರಿ ತೆಗೆಯುವಾಗಿನ ಒಂದು ಲೆಕ್ಕ ಇಲ್ಲಿ ಹೇಳಲೇಬೇಕು. 100 ಮಿಲಿಮೀಟರ್ ವ್ಯಾಸದ ಕೊಳವೆಯಲ್ಲಿ 20 ಮೀಟರ್ ನೀರಿದ್ದರೆ ಒಳಗಿರುವುದು ಸುಮಾರು 157 ಲೀಟರ್. ನಿಂತ ನೀರು ಹೊರಹೋಗಿ ಪದರದ ನೀರು ಬರಬೇಕಾದರೆ ಅದರ ಮೂರು ಪಟ್ಟು, ಅಂದರೆ ಸುಮಾರು 470 ಲೀಟರ್ ಹೊರಹಾಕಬೇಕು, ವಾಹಕತೆಯ ಅಂಕಿ ಅಲುಗಾಡದೆ ನಿಂತ ಮೇಲೆ ಬಾಟಲಿ ತುಂಬಬೇಕು. ಮೂರು ಮೀಟರ್ ಅಗಲದ ತೆರೆದ ಬಾವಿಯಲ್ಲಿ ಐದು ಮೀಟರ್ ನೀರಿದ್ದರೆ 35,000 ಲೀಟರ್. ಅದನ್ನು ಖಾಲಿ ಮಾಡುವುದು ಆಗದ ಮಾತು. ಆದ್ದರಿಂದ ದಿನವೂ ಬಳಕೆಯಲ್ಲಿರುವ ಬಾವಿಯನ್ನೇ ಆರಿಸಿ, ಬೆಳಗಿನ ಪಂಪು ಅರ್ಧ ಗಂಟೆ ಓಡಿದ ಮೇಲೆ ಮಾದರಿ ತೆಗೆಯಬೇಕು. ಪಾಳು ಬಾವಿಯ ನೀರು ಏನನ್ನೂ ಹೇಳುವುದಿಲ್ಲ.

ಹಳ್ಳದಲ್ಲಿ: ಒಂದು ಬಾಟಲಿಯೋ, ಹರಿವಿನ ಅಳತೆಯೋ, ಸದಾ ಅಳೆಯುವ ಯಂತ್ರವೋ

ಹಳ್ಳದ ನೀರು ಗಂಟೆಗಂಟೆಗೂ ಬದಲಾಗುತ್ತದೆ. ಬೇಸಿಗೆಯಲ್ಲಿ ಹಳ್ಳದಲ್ಲಿ ಹರಿಯುವುದೆಲ್ಲ ಗಣಿಯ ಪಂಪಿನ ನೀರೇ ಆಗಿರಬಹುದು. ಜೂನಿನ ಮೊದಲ ದೊಡ್ಡ ಮಳೆಗೆ ಬೇಸಿಗೆಯಿಡೀ ದಿಬ್ಬದ ಮೇಲೆ ಬಿಳಿ, ಹಳದಿ ಹುಡಿಯಾಗಿ ಮೂಡಿದ್ದ ಲವಣಗಳೆಲ್ಲ ಒಮ್ಮೆಲೇ ತೊಳೆದುಬರುತ್ತವೆ. ಆಗಸ್ಟಿನ ನೆರೆಯಲ್ಲಿ ಎಲ್ಲವೂ ತೆಳುವಾಗಿ ಕಾಣುತ್ತದೆ. ಬಾಟಲಿಯಲ್ಲಿ ಹಿಡಿದ ನೀರು ಆ ಗಳಿಗೆಯದು ಮಾತ್ರ.

ಇದಕ್ಕೆ ಮಾರಾಟಗಾರರು ಕೊಡುವ ಉತ್ತರ ಸೆನ್ಸರ್ ಹಾಕಿ ಎಂಬುದು. ಹದಿನೈದು ನಿಮಿಷಕ್ಕೊಮ್ಮೆ ವಾಹಕತೆ ಮತ್ತು ನೀರಿನ ಎತ್ತರವನ್ನು ಬರೆದುಕೊಳ್ಳುವ ಲಾಗರ್ ನಿಜಕ್ಕೂ ಒಳ್ಳೆಯ ಸಾಧನ, ರಾತ್ರಿ ಹೊತ್ತು ಬಿಟ್ಟ ನೀರನ್ನೂ ಅದು ಹಿಡಿದುಕೊಡುತ್ತದೆ. ಆದರೆ ಕಬ್ಬಿಣದ ಕೆಸರು ಕೂರುವ ನೀರಿನಲ್ಲಿ ಕೆಲವೇ ವಾರಗಳಲ್ಲಿ ಅದರ ಮೇಲೆ ಪೊರೆ ಕಟ್ಟುತ್ತದೆ, ಪಿಎಚ್ ವಿದ್ಯುದಗ್ರದ ಅಂಕಿ ಮೆಲ್ಲಗೆ ಜಾರುತ್ತದೆ, ಯಾರಾದರೂ ತಿಂಗಳಿಗೊಮ್ಮೆಯಾದರೂ ಬಂದು ತೊಳೆದು ಪ್ರಮಾಣೀಕರಿಸದಿದ್ದರೆ ಅದು ಕೊಡುವುದು ನೋಡಲು ಚೆಂದದ ತಪ್ಪು ಅಂಕಿ. ಪಿಎಚ್ ಲಾಗರ್ ಬೇಡ ಎಂದೇ ನನ್ನ ಸಲಹೆ. ಹಣವಿದ್ದರೆ ವಾಹಕತೆ ಮತ್ತು ಮಟ್ಟದ ಒಂದು ಲಾಗರನ್ನು, ಗಣಿಯ ಕೆಳಗಿನ ಒಂದೇ ಜಾಗದಲ್ಲಿ, ನೋಡಿಕೊಳ್ಳುವವರ ಮನೆಯ ಹತ್ತಿರ ಹಾಕಿ.

ಅದಕ್ಕಿಂತ ಮೊದಲು ಹರಿವನ್ನು ಅಳೆಯಿರಿ. ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ. ಸಣ್ಣ ಕಾಲುವೆಗೆ 90 ಡಿಗ್ರಿಯ ವಿ ಆಕಾರದ ಕಂಡಿ ಕೊರೆದ ತಗಡನ್ನು ಅಡ್ಡ ನಿಲ್ಲಿಸಿದರೆ, ಕಂಡಿಯ ಮೂಲೆಯಿಂದ ನೀರು 20 ಸೆಂಟಿಮೀಟರ್ ಎತ್ತರ ಇದ್ದಾಗ ಸೆಕೆಂಡಿಗೆ ಸುಮಾರು 25 ಲೀಟರ್ ಹರಿಯುತ್ತಿದೆ ಎಂದರ್ಥ. ಆ ನೀರಿನಲ್ಲಿ ಲೀಟರಿಗೆ 600 ಮಿಲಿಗ್ರಾಂ ಸಲ್ಫೇಟ್ ಇದ್ದರೆ ದಿನಕ್ಕೆ ಸುಮಾರು 1.3 ಟನ್ ಹಳ್ಳ ಸೇರುತ್ತಿದೆ. ತಗಡು ಇಲ್ಲದ ಕಡೆ ಹತ್ತು ಮೀಟರ್ ದೂರ ಒಂದು ಕಿತ್ತಳೆಹಣ್ಣು ತೇಲಿಬಿಟ್ಟು ವೇಗ ನೋಡಿ, 0.85ರಿಂದ ಗುಣಿಸಿ, ಹಳ್ಳದ ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿದರೂ ಕೆಲಸಕ್ಕೆ ಬರುವ ಅಂದಾಜು ಸಿಗುತ್ತದೆ. ಸಾಂದ್ರತೆ ಮಳೆಗಾಲದಲ್ಲಿ ಇಳಿದಾಗ ಸಮಸ್ಯೆ ಮುಗಿಯಿತು ಎನ್ನುವವರಿಗೆ ದಿನದ ಒಟ್ಟು ಹೊರೆ ಏರಿರುವುದನ್ನು ತೋರಿಸಲು ಈ ಲೆಕ್ಕವಿಲ್ಲದೆ ಆಗುವುದಿಲ್ಲ.

ಮಾದರಿ ಜಾಗಗಳು ನಾಲ್ಕಿದ್ದರೆ ಸಾಕು: ಗಣಿಗಿಂತ ಮೇಲ್ಭಾಗದ ಹಳ್ಳದಲ್ಲಿ, ನೀರು ಬಿಡುವ ಬಾಯಲ್ಲಿ, ಎರಡೂ ನೀರು ಪೂರ್ತಿ ಬೆರೆತ ಮೇಲೆ, ಮತ್ತೆ ಒಂದೆರಡು ಕಿಲೋಮೀಟರ್ ಕೆಳಗೆ. ಶಾಲೆಯ ಮಕ್ಕಳನ್ನು ಸೇರಿಸಿಕೊಳ್ಳುವ ಊರುಗಳಲ್ಲಿ ಕಲ್ಲು ಮಗುಚಿ ನೀರುಹುಳುಗಳನ್ನು ಎಣಿಸುವ ವಿಧಾನವೂ ಇದೆ. ಶುದ್ಧ ನೀರನ್ನು ಬಯಸುವ ಮೇಫ್ಲೈ, ಕ್ಯಾಡಿಸ್ ಕೀಟಗಳ ಮರಿಹುಳುಗಳು ಮೇಲ್ಭಾಗದಲ್ಲಿ ಇದ್ದು ಕೆಳಗೆ ಇಲ್ಲವಾದರೆ ಅದು ಹಲವು ವಾರಗಳ ನೀರಿನ ಸಾಕ್ಷಿ. ಬೇಸಿಗೆಯಲ್ಲಿ ಮೇಲ್ಭಾಗ ಒಣಗುವ ಹಳ್ಳಗಳಲ್ಲಿ ಮಾತ್ರ ಈ ಹೋಲಿಕೆ ನಡೆಯುವುದಿಲ್ಲ.

ಕಿಟ್ಟೋ, ಪ್ರಯೋಗಾಲಯವೋ

ಬೇರಿಯಂ ಕ್ಲೋರೈಡ್ ಹಾಕಿ ಕಲಕಿನ ಮೇಲೆ ಸಲ್ಫೇಟ್ ಅಂದಾಜಿಸುವ ಕಿಟ್ ಹತ್ತಿಪ್ಪತ್ತು ಶೇಕಡಾ ಆಚೀಚೆ ತೋರಿಸಬಹುದು, ಆದರೆ 40 ಮತ್ತು 240ರ ವ್ಯತ್ಯಾಸವನ್ನು ಖಂಡಿತ ಹಿಡಿಯುತ್ತದೆ. ತಿಂಗಳ ಅಳತೆಗೆ ಕಿಟ್, ಮೂರು ತಿಂಗಳಿಗೊಮ್ಮೆ ಅದೇ ದಿನದ ಮಾದರಿ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಎಂಬ ಜೋಡಣೆ ನನಗೆ ಸರಿಯೆನಿಸಿದೆ. ಪ್ರತಿ ಹತ್ತು ಬಾಟಲಿಗೆ ಒಂದು ಜೋಡಿ ಮಾದರಿ (ಅದೇ ನೀರಿನ ಎರಡನೇ ಬಾಟಲಿ), ಒಂದು ಬಟ್ಟಿಯಿಳಿಸಿದ ನೀರಿನ ಬಾಟಲಿ ಸೇರಿಸಿ, ಹೆಸರು ಬರೆಯದೆ ಸಂಖ್ಯೆ ಮಾತ್ರ ಬರೆದು ಕಳಿಸಬೇಕು. ವರದಿ ಬಂದಾಗ ಧನ ಅಯಾನುಗಳ (ಕ್ಯಾಲ್ಸಿಯಂ, ಮೆಗ್ನೀಷಿಯಂ ಮುಂತಾದವು) ಮೊತ್ತವೂ ಋಣ ಅಯಾನುಗಳ (ಸಲ್ಫೇಟ್, ಕ್ಲೋರೈಡ್ ಮುಂತಾದವು) ಮೊತ್ತವೂ ವಿದ್ಯುದಾವೇಶದ ಲೆಕ್ಕದಲ್ಲಿ ಶೇ 5ರ ಒಳಗೆ ಹೊಂದದಿದ್ದರೆ ಮತ್ತೆ ಪರೀಕ್ಷಿಸಲು ಕೇಳುವ ಹಕ್ಕು ನಿಮ್ಮದು.

ಒಂದು ಸಲ ದಿಬ್ಬದ ಬುಡದ ಜಿನುಗಿನಿಂದ ನಾವು ತಂದ ನೀರು ಬಾಟಲಿ ತುಂಬುವಾಗ ಗಾಜಿನಂತೆ ತಿಳಿಯಾಗಿತ್ತು. ಸಂಜೆಯ ಹೊತ್ತಿಗೆ ತಳದಲ್ಲಿ ತುಕ್ಕಿನ ಬಣ್ಣದ ಗಸಿ ಕೂತಿತ್ತು. ಪ್ರಯೋಗಾಲಯದವರು ಮೇಲಿನ ತಿಳಿಯನ್ನೇ ತೆಗೆದು ಪರೀಕ್ಷಿಸಿ ಕಬ್ಬಿಣ ಮಿತಿಯೊಳಗೆ ಎಂದು ಬರೆದುಕೊಟ್ಟರು. ತಪ್ಪು ನಮ್ಮದೂ ಹೌದು. ಲೋಹಗಳಿಗೆ ಬೇರೆಯೇ ಬಾಟಲಿ ಇರಬೇಕು, ಸ್ಥಳದಲ್ಲೇ 0.45 ಮೈಕ್ರಾನ್ ಸೋಸುಕದಲ್ಲಿ ಸೋಸಿ, ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಮ್ಲ ಹಾಕಬೇಕು, ಸೋಸದ ಇನ್ನೊಂದನ್ನೂ ಆಮ್ಲ ಹಾಕಿ ಇಡಬೇಕು. ಇದನ್ನು ಮಾಡದ ಲೋಹ ಪರೀಕ್ಷೆಗೆ ಹಣ ಕೊಡುವುದು ವ್ಯರ್ಥ.

ಯಾರ ಅಂಕಿ ಎಲ್ಲಿ ನಡೆಯುತ್ತದೆ

ಗಣಿಯ ಆಡಳಿತ ತನ್ನ ಅನುಮತಿಯ ಷರತ್ತಿನಂತೆ ಅಂತರ್ಜಲವನ್ನು ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಸಲ, ಅಂದರೆ ಬೇಸಿಗೆ, ಆಗಸ್ಟ್, ನವೆಂಬರ್, ಜನವರಿಗಳಲ್ಲಿ ಅಳೆಯುತ್ತದೆ. ಅರ್ಧವಾರ್ಷಿಕ ವರದಿಯನ್ನು ಜೂನ್ 1 ಮತ್ತು ಡಿಸೆಂಬರ್ 1ರ ಹೊತ್ತಿಗೆ ಸಲ್ಲಿಸಬೇಕು. ಅದನ್ನು ತರಿಸಿಕೊಂಡು ನಿಮ್ಮ ದಿನಾಂಕಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ, ಅಕ್ಕಪಕ್ಕ ಇಟ್ಟು ನೋಡಲು ಆಗುತ್ತದೆ. ಕಲ್ಲಿದ್ದಲು ಗಣಿಗಳ ಹೊರಬಿಡುವ ನೀರಿಗೆ 2000ದ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾನಕಗಳು ಮುಖ್ಯವಾಗಿ ಪಿಎಚ್ (5.5–9.0), ತೇಲುವ ಕಣಗಳು, ಎಣ್ಣೆ ಮತ್ತು ಜಿಡ್ಡು, ನೈಟ್ರೇಟ್ ಸಾರಜನಕ ಇವುಗಳ ಕಡೆಗೇ ಗಮನ ಕೊಡುತ್ತವೆ. ಆದ್ದರಿಂದ ಗಣಿಯ ವರದಿ ಪ್ರಾಮಾಣಿಕವಾಗಿದ್ದೂ ನಿಮ್ಮ ಸಲ್ಫೇಟ್ ಅಂಕಿಯೂ ನಿಜವಾಗಿರಬಹುದು, ಎರಡರ ನಡುವೆ ಜಗಳ ಇರಬೇಕೆಂದಿಲ್ಲ.

ಊರಿನವರ ಅಂಕಿಯ ಬಲ ಅದರ ನಿರಂತರತೆಯಲ್ಲಿ, ಮಿತಿ ಕಾನೂನಿನಲ್ಲಿ. 1974ರ ಜಲ ಕಾಯ್ದೆಯ 21ನೇ ಪ್ರಕರಣದಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ನೋಟಿಸ್ ಕೊಟ್ಟು, ಸಂಬಂಧಪಟ್ಟವರ ಎದುರು, ಮಾದರಿಯನ್ನು ಎರಡು ಪಾಲು ಮಾಡಿ ಮೊಹರು ಹಾಕಿ ತೆಗೆದದ್ದಷ್ಟೇ ಆ ಕಾಯ್ದೆಯಡಿ ಸಾಕ್ಷ್ಯವಾಗಿ ನಿಲ್ಲುತ್ತದೆ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಎರಡು ತಿಂಗಳು ಸತತ ಏರಿಕೆ ಕಂಡರೆ ಒಂದು ವಾರದೊಳಗೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ, ಮೇಲ್ಭಾಗದ ಬಾವಿಯನ್ನೂ ಅದೇ ದಿನ ಅಳೆಯಿರಿ. ಎರಡನೆಯದು ಸ್ಥಿರವಾಗಿದ್ದು ಮೊದಲನೆಯದು ಏರಿದ್ದರೆ, ಹನ್ನೆರಡು ತಿಂಗಳ ಪಟ್ಟಿ, ಮೀಟರ್ ಪ್ರಮಾಣೀಕರಿಸಿದ ದಿನಾಂಕಗಳು ಮತ್ತು ಜಾಗಗಳ ನಕ್ಷೆಯನ್ನು ಲಗತ್ತಿಸಿ, 21ನೇ ಪ್ರಕರಣದಡಿ ಮಾದರಿ ತೆಗೆಯಬೇಕೆಂದು ಮಂಡಳಿಯ ಪ್ರಾದೇಶಿಕ ಕಚೇರಿಗೆ ಅರ್ಜಿ ಕೊಡಿ, ಗಣಿಯ ಪಂಪು ಯಾವ ಹೊತ್ತಿಗೆ ಓಡುತ್ತದೆ ಎಂಬುದನ್ನೂ ಅರ್ಜಿಯಲ್ಲೇ ಬರೆಯಿರಿ. ಇನ್ನೂ ಶುರು ಮಾಡಿರದ ಊರು ಮೇ ತಿಂಗಳ ಕೊನೆಯೊಳಗೆ ಮೊದಲ ಸುತ್ತು ಮುಗಿಸಿಕೊಳ್ಳಬೇಕು. ಮೊದಲ ಮಳೆ ಬಿದ್ದ ಮೇಲೆ ದಿಬ್ಬದ ಲವಣ ತೊಳೆದುಹೋಗಿರುತ್ತದೆ, ಅದರ ಹಿಂದಿನ ಅಂಕಿಗಾಗಿ ಇನ್ನೊಂದು ವರ್ಷ ಕಾಯಬೇಕಾಗುತ್ತದೆ.